ಟರ್ಮಿನಲ್‌ಗೆ ಬಣ್ಣ ಕೊಡುವ ಐದು ದಾರಿ: ಬರೆದು, ಓಡಿಸಿ ನೋಡಿದ ಹೋಲಿಕೆ

ಪೈಥಾನ್ ಸ್ಕ್ರಿಪ್ಟ್‌ನ ಔಟ್‌ಪುಟ್‌ಗೆ ಸ್ವಲ್ಪ ಬಣ್ಣ ಬೇಕು ಅಂತ ಯಾರನ್ನಾದರೂ ಕೇಳಿ ನೋಡಿ, ‘ರಿಚ್ ಹಾಕ್ಕೊಳ್ಳಿ’ ಅನ್ನುತ್ತಾರೆ. ಬಣ್ಣ ಹಾಕಿಕೊಡುವ ಒಂದು ಲೈಬ್ರರಿ ಅದು (ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಾವು ಸೇರಿಸಿಕೊಳ್ಳುವ ಕೋಡ್). ರಿಚ್ ನಿಜಕ್ಕೂ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಎಲ್ಲ ಕಡೆಗೂ ಅದೇ ಸರಿ ಅಲ್ಲ. ನಮ್ಮ ಕಣ್ಣ ಮುಂದಿನ ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಬರೆದು ಪ್ರೋಗ್ರಾಮ್ ಓಡಿಸುವ ಕಿಟಕಿಯಲ್ಲಿ, ಎಲ್ಲ ಲೈಬ್ರರಿಗಳೂ ಚೆಂದವೇ. ಯಾವುದು ಹೇಗೆ ಅಂತ ಗೊತ್ತಾಗುವುದು ಔಟ್‌ಪುಟ್ ಪೈಪ್‌ಗೆ (ನೇರವಾಗಿ ಇನ್ನೊಂದು ಪ್ರೋಗ್ರಾಮ್‌ಗೆ) ಹೋದಾಗ, ಫೈಲಿಗೆ ಹೋದಾಗ, ರಾತ್ರಿ ಕ್ರಾನ್‌ನಲ್ಲಿ (ಗೊತ್ತಾದ ಹೊತ್ತಿಗೆ ಪ್ರೋಗ್ರಾಮನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಯಾರೂ ನೋಡದೆ ಓಡಿದಾಗ, ಅಥವಾ ಬಿಳಿ ಹಿನ್ನೆಲೆ ಇಟ್ಟುಕೊಂಡವರ ಟರ್ಮಿನಲ್‌ನಲ್ಲಿ ಕಾಣಿಸಿಕೊಂಡಾಗ. ಅದಕ್ಕೇ ಒಂದೇ ಪ್ರೋಗ್ರಾಮನ್ನು ಐದು ಥರ ಬರೆದು ಇಷ್ಟೂ ಕಡೆ ಓಡಿಸಿ ನೋಡಿದೆ.

ಪ್ರೋಗ್ರಾಮ್ ದೊಡ್ಡದೇನಲ್ಲ. ಒಂದು ಗ್ರಂಥಾಲಯದ ಪುಸ್ತಕಪಟ್ಟಿಯ ಸಿಎಸ್‌ವಿ ಫೈಲ್ (ಮಾಹಿತಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಫೈಲ್) ಓದಿ ಪ್ರತಿ ಸಾಲನ್ನೂ ಪರೀಕ್ಷಿಸುತ್ತದೆ. ಲೇಖಕರ ಹೆಸರು ಇಲ್ಲದಿದ್ದರೆ ಹಳದಿಯಲ್ಲಿ ‘ಎಚ್ಚರ’. ವರ್ಷದ ಜಾಗದಲ್ಲಿ ಅಂಕಿ ಬಿಟ್ಟು ಬೇರೆ ಏನಾದರೂ ಇದ್ದರೆ ಕೆಂಪಿನಲ್ಲಿ ‘ತಪ್ಪು’. ಎಲ್ಲ ಇದ್ದರೆ ಹಸಿರಿನಲ್ಲಿ ‘ಸರಿ’. ಕೊನೆಗೆ ಯಾವುದು ಎಷ್ಟು ಅಂತ ಒಂದು ಚಿಕ್ಕ ಕೋಷ್ಟಕ. ಪುಸ್ತಕಗಳ ಹೆಸರು ಹೆಚ್ಚಿನವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಈ ಎರಡು ಲಿಪಿ ಬೆರೆತದ್ದರಿಂದಲೇ ಕೆಲವು ವಿಷಯ ಗೊತ್ತಾಯಿತು, ಮುಂದೆ ಹೇಳುತ್ತೇನೆ.

ಲೈಬ್ರರಿಯೇ ಇಲ್ಲದೆ

ಟರ್ಮಿನಲ್‌ನಲ್ಲಿ ಬಣ್ಣ ಅಂದರೆ ಅಕ್ಷರಗಳ ನಡುವೆ ಸೇರಿಸಿ ಕಳಿಸುವ ಸೂಚನೆ, ಅಷ್ಟೇ. ಮೊದಲು ಎಸ್ಕೇಪ್ ಅಕ್ಷರ (ಅದರ ಸಂಖ್ಯೆ 27), ಪಕ್ಕದಲ್ಲಿ ತೆರೆಯುವ ಚೌಕ ಬ್ರಾಕೆಟ್, ಆಮೇಲೆ ಒಂದು ಸಂಖ್ಯೆ, ಕೊನೆಗೆ ಇಂಗ್ಲಿಷಿನ ಸಣ್ಣ ಎಂ. ಸಂಖ್ಯೆ 31 ಆದರೆ ಅಲ್ಲಿಂದ ಮುಂದೆ ಕೆಂಪು, 32 ಹಸಿರು, 33 ಹಳದಿ. 1 ಅಂದರೆ ದಪ್ಪ, 4 ಅಂದರೆ ಅಡಿಗೆರೆ, 7 ಅಂದರೆ ಅಕ್ಷರದ ಬಣ್ಣ ಮತ್ತು ಹಿನ್ನೆಲೆ ಅದಲುಬದಲು. 0 ಕೊಟ್ಟರೆ ಎಲ್ಲ ಮೊದಲಿನ ಹಾಗೆ. ಈ ಪದ್ಧತಿ ಹೊಸದಲ್ಲ. ಇಸಿಎಂಎ-48 ಅನ್ನುವ ಮಾನದಂಡ ಮೊದಲು ಬಂದದ್ದು 1976ರಲ್ಲಿ, ಅದನ್ನು ಎಲ್ಲ ಕಡೆ ಹಬ್ಬಿಸಿದ್ದು 1978ರಲ್ಲಿ ಬಂದ ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್. ಆ ಟರ್ಮಿನಲ್‌ಗೆ ಬಣ್ಣವೇ ಇರಲಿಲ್ಲ, ಆದರೂ ಅದು ಅರ್ಥ ಮಾಡಿಕೊಳ್ಳುತ್ತಿದ್ದ ಸೂಚನೆಗಳ ರೂಪವನ್ನೇ ನಾವು ಇವತ್ತಿಗೂ ಕಳಿಸುತ್ತಿದ್ದೇವೆ.

ಇದನ್ನು ಕೈಯಿಂದಲೇ ಬರೆಯುವುದು ಕಷ್ಟವೇನಲ್ಲ. ಪಠ್ಯ ಮತ್ತು ಸಂಖ್ಯೆ ತೆಗೆದುಕೊಂಡು, ಮುಂದೆ ಹಿಂದೆ ಕೋಡ್ ಸೇರಿಸಿ ವಾಪಸ್ ಕೊಡುವ ಒಂದು ಪುಟ್ಟ ಫಂಕ್ಷನ್ ಸಾಕು. ಅದರೊಳಗೆ ಎರಡು ಪ್ರಶ್ನೆ ಕೇಳಲೇಬೇಕು. ಔಟ್‌ಪುಟ್ ಹೋಗುತ್ತಿರುವುದು ನಿಜವಾಗಿ ಟರ್ಮಿನಲ್‌ಗಾ? ಇದಕ್ಕೆ ಪೈಥಾನ್‌ನಲ್ಲಿ ಈಸ್‌ಎಟಿಟಿವೈ (isatty) ಅನ್ನುವ ಫಂಕ್ಷನ್ ಇದೆ. ಬಳಸುವವರು ಬಣ್ಣ ಬೇಡ ಅಂದಿದ್ದಾರಾ? ಇದಕ್ಕೆ ನೋ_ಕಲರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಇದೆ, 2017ರಿಂದ ಚಾಲ್ತಿಯಲ್ಲಿರುವ ಒಪ್ಪಂದ. ಅದರಲ್ಲಿ ಏನೇ ಬರೆದಿರಲಿ, ಖಾಲಿ ಅಲ್ಲದಿದ್ದರೆ ಬಣ್ಣ ಹಾಕಬಾರದು. ಈ ಎರಡನ್ನು ಬಿಟ್ಟರೆ ಏನಾಗುತ್ತದೆ ಅಂದರೆ, ಔಟ್‌ಪುಟ್ ಫೈಲಿಗೆ ಹಾಕಿ ಎಡಿಟರ್‌ನಲ್ಲಿ ತೆಗೆದಾಗ ಪ್ರತಿ ಸಾಲಿನ ಮುಂದೆಯೂ ಬ್ರಾಕೆಟ್, 31, ಎಂ ಅಂತ ಕಸ ಕೂತಿರುತ್ತದೆ. ‘ತಪ್ಪು’ ಪದದಿಂದ ಶುರುವಾಗುವ ಸಾಲು ಹುಡುಕಿ ಅಂತ ಪಠ್ಯ ಹುಡುಕುವ ಗ್ರೆಪ್ ಕಮಾಂಡ್‌ಗೆ ಹೇಳಿದರೆ ಒಂದೂ ಸಿಗುವುದಿಲ್ಲ, ಯಾಕೆಂದರೆ ಸಾಲು ಶುರುವಾಗುವುದು ಎಸ್ಕೇಪ್ ಅಕ್ಷರದಿಂದ.

ಇನ್ನೊಂದು ಸಮಸ್ಯೆ ಒಳಗೊಳಗೆ ಬಣ್ಣ ಹಾಕುವಾಗ ಬರುತ್ತದೆ. ಇಡೀ ಸಾಲು ಕೆಂಪು, ನಡುವೆ ಪುಸ್ತಕದ ಹೆಸರು ಮಾತ್ರ ದಪ್ಪ ಅಂತಿಟ್ಟುಕೊಳ್ಳಿ. ಹೆಸರು ಮುಗಿದ ಕೂಡಲೇ 0 ಕಳಿಸಿದರೆ ದಪ್ಪದ ಜೊತೆ ಕೆಂಪೂ ಹೋಗುತ್ತದೆ, ಉಳಿದ ಅರ್ಧ ಸಾಲು ಸಾದಾ. ಅಲ್ಲಿ 0 ಅಲ್ಲ, 22 ಕಳಿಸಬೇಕು. ಅದು ದಪ್ಪವನ್ನು ಮಾತ್ರ ತೆಗೆಯುತ್ತದೆ. ಅಡಿಗೆರೆ ತೆಗೆಯುವುದಕ್ಕೆ 24, ಅಕ್ಷರದ ಬಣ್ಣ ಮಾತ್ರ ತೆಗೆಯುವುದಕ್ಕೆ 39. ಇಷ್ಟು ಗೊತ್ತಿದ್ದರೆ ಕೈಯಾರೆ ಬರೆದ ಕೋಡ್‌ಗಿಂತ ಹಗುರವಾದದ್ದು ಬೇರೆ ಇಲ್ಲ. ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಒಂದೇ ಫೈಲನ್ನು ಯಾವ ಸರ್ವರ್‌ಗೆ ಬೇಕಾದರೂ ಕಾಪಿ ಮಾಡಿ ಓಡಿಸಬಹುದು.

ಇನ್‌ಸ್ಟಾಲ್ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಜಾವಾಸ್ಕ್ರಿಪ್ಟ್ ಕಡೆ ನಡೆದದ್ದು ನೆನಪಿಟ್ಟುಕೊಳ್ಳಿ. 2022ರ ಜನವರಿಯಲ್ಲಿ ಕಲರ್ಸ್ ಅನ್ನುವ ಪ್ಯಾಕೇಜ್‌ಗೆ ಅದನ್ನು ಬರೆದವರೇ ಕೊನೆಯಿಲ್ಲದ ಲೂಪ್ ಸೇರಿಸಿ ಬಿಡುಗಡೆ ಮಾಡಿದರು, ಅದನ್ನು ನಂಬಿಕೊಂಡಿದ್ದ ಎಷ್ಟೋ ಪ್ರೋಗ್ರಾಮ್‌ಗಳು ನಿಂತವು. 2025ರ ಸೆಪ್ಟೆಂಬರ್‌ನಲ್ಲಿ ಚಾಕ್ ಪ್ಯಾಕೇಜ್ ನೋಡಿಕೊಳ್ಳುವವರ ಖಾತೆ ಕಳ್ಳರ ಕೈಗೆ ಸಿಕ್ಕಿ, ಅದರಲ್ಲಿ ಕೆಟ್ಟ ಕೋಡ್ ಸೇರಿ ಹೊರಗೆ ಬಂತು. ಎರಡೂ ಬರೀ ಬಣ್ಣ ಹಾಕುವ ಪ್ಯಾಕೇಜ್‌ಗಳು. ಮೂರು ಬಣ್ಣಕ್ಕೋಸ್ಕರ ಹೊರಗಿನ ಪ್ಯಾಕೇಜ್ ಬೇಕೇ ಅಂತ ಒಮ್ಮೆ ಯೋಚಿಸುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಕಲರಾಮಾ

ಕಲರಾಮಾ ಹುಟ್ಟಿದ್ದೇ ವಿಂಡೋಸ್‌ಗಾಗಿ. ಹಳೆಯ ವಿಂಡೋಸ್ ಕನ್ಸೋಲ್‌ಗೆ ಎಸ್ಕೇಪ್ ಕೋಡ್ ಅರ್ಥವಾಗುತ್ತಿರಲಿಲ್ಲ. ಕಲರಾಮಾ ನಡುವೆ ನಿಂತು ಆ ಕೋಡ್‌ಗಳನ್ನು ಹಿಡಿದು, ವಿಂಡೋಸ್‌ಗೆ ತಿಳಿಯುವ ಕರೆಗಳಾಗಿ ಬದಲಿಸುತ್ತಿತ್ತು. ಆ ಕಾಲದಲ್ಲಿ ಅದು ಬಹಳ ದೊಡ್ಡ ಉಪಕಾರ. ವಿಂಡೋಸ್ 10 ಬಂದ ಮೇಲೆ ಕನ್ಸೋಲೇ ಈ ಕೋಡ್‌ಗಳನ್ನು ಓದಲು ಕಲಿತಿದೆ, ಒಂದು ಸೆಟ್ಟಿಂಗ್ ಆನ್ ಮಾಡಿದರೆ ಸಾಕು. ಕಲರಾಮಾದ 0.4.6 ಆವೃತ್ತಿಯಲ್ಲಿ ‘ಜಸ್ಟ್ ಫಿಕ್ಸ್ ವಿಂಡೋಸ್ ಕನ್ಸೋಲ್’ ಅನ್ನುವ ಫಂಕ್ಷನ್ ಬಂತು. ಹೊಸ ವಿಂಡೋಸ್‌ನಲ್ಲಿ ಅದು ಆ ಸೆಟ್ಟಿಂಗ್ ಆನ್ ಮಾಡುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸುಮ್ನೆ ಇರುತ್ತದೆ.

ಅದರ ಫೋರ್, ಬ್ಯಾಕ್, ಸ್ಟೈಲ್ ಅನ್ನುವ ಹೆಸರುಗಳು ಓದಲು ಚೆನ್ನ. ಆದರೆ ಫೋರ್ ರೆಡ್ ಅಂದರೆ ಬೇರೇನೂ ಅಲ್ಲ, ನಾವು ಮೇಲೆ ಕೈಯಿಂದ ಬರೆದ ಅದೇ 31ರ ಸ್ಟ್ರಿಂಗ್. ಬರೀ ಆ ಹೆಸರುಗಳನ್ನು ಸೇರಿಸಿ ಪ್ರಿಂಟ್ ಮಾಡಿದರೆ ಫೈಲಿಗೂ ಕೋಡ್ ಹೋಗುತ್ತದೆ. ಸ್ಟೈಲ್‌ನಲ್ಲಿ ಇರುವುದೂ ಮಂಕು, ಸಾದಾ, ಗಾಢ ಇಷ್ಟೇ. ಅಡಿಗೆರೆ ಬೇಕಾದರೆ ಮತ್ತೆ ನಾವೇ ಕೋಡ್ ಬರೆಯಬೇಕು. ಹಳೆಯ ವಿಂಡೋಸ್ ಯಂತ್ರಗಳು ಇನ್ನೂ ಇರುವ ಕಚೇರಿಗೆ ಬರೆಯುತ್ತಿದ್ದರೆ ಕಲರಾಮಾ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸದಾಗಿ ಹಾಕಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಟರ್ಮ್‌ಕಲರ್

ಇದು ನನಗೆ ಇಷ್ಟವಾದ ಪುಟ್ಟ ಲೈಬ್ರರಿ. ಕಲರ್ಡ್ ಅನ್ನುವ ಒಂದು ಫಂಕ್ಷನ್, ಅದಕ್ಕೆ ಪಠ್ಯ, ಬಣ್ಣದ ಹೆಸರು, ದಪ್ಪ ಬೇಕಾ ಅಡಿಗೆರೆ ಬೇಕಾ ಅಂತ ಒಂದು ಪಟ್ಟಿ. ಮುಗಿಯಿತು. ಹೊಸ ಆವೃತ್ತಿಗಳು ನೋ_ಕಲರ್ ನೋಡುತ್ತವೆ, ಬಣ್ಣ ಹಾಕಲೇಬೇಕು ಅನ್ನುವ ಫೋರ್ಸ್_ಕಲರ್ ನೋಡುತ್ತವೆ, ಟರ್ಮಿನಲ್ ಹೌದೋ ಅಲ್ಲವೋ ಅಂತಲೂ ನೋಡುತ್ತವೆ. ಪೈಪ್‌ಗೆ ಕೊಟ್ಟರೆ ತಾನಾಗಿಯೇ ಸಾದಾ ಪಠ್ಯ.

ಒಂದೇ ಕಡೆ ಗಮನ ಬೇಕು. ಪ್ರೋಗ್ರಾಮ್‌ಗೆ ಬರೆಯಲು ಎರಡು ದಾರಿ ಇವೆ: ಮಾಮೂಲಿ ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಔಟ್‌ಪುಟ್, ತಪ್ಪುಗಳನ್ನು ಹೇಳಲು ಸ್ಟ್ಯಾಂಡರ್ಡ್ ಎರರ್. ಅದು ಪರೀಕ್ಷೆ ಮಾಡುವುದು ಸ್ಟ್ಯಾಂಡರ್ಡ್ ಔಟ್‌ಪುಟನ್ನು. ನಮ್ಮ ಪ್ರೋಗ್ರಾಮ್ ‘ತಪ್ಪು’ ಸಾಲುಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ, ಹಾಗೆ ಬರೆಯುವುದೇ ಸರಿಯಾದ ಕ್ರಮ. ಈಗ ಎರರ್ ಮಾತ್ರ ಫೈಲಿಗೆ ತಿರುಗಿಸಿ ಓಡಿಸಿದರೆ, ಔಟ್‌ಪುಟ್ ಇನ್ನೂ ಟರ್ಮಿನಲ್‌ಗೇ ಹೋಗುತ್ತಿರುವುದರಿಂದ ಟರ್ಮ್‌ಕಲರ್ ಬಣ್ಣ ಹಾಕುತ್ತದೆ, ಆ ಕೋಡ್ ಎಲ್ಲ ಎರರ್ ಫೈಲಿನಲ್ಲಿ ಕೂರುತ್ತದೆ. ತಿರುವುಮುರುವಾಗಿ ಔಟ್‌ಪುಟನ್ನು ಪೈಪ್‌ಗೆ ಕೊಟ್ಟರೆ, ಕಣ್ಣೆದುರಿಗೆ ಕಾಣುವ ಎರರ್ ಸಾಲುಗಳ ಕೆಂಪೂ ಹೋಗುತ್ತದೆ. ಚಿಕ್ಕ ಸ್ಕ್ರಿಪ್ಟ್‌ಗೆ ಇದು ದೊಡ್ಡ ವಿಷಯವಲ್ಲ. ಎರರ್ ಲಾಗ್‌ಗಳನ್ನು ಬೇರೆ ಪ್ರೋಗ್ರಾಮ್ ಓದುವ ಕಡೆ ದೊಡ್ಡ ವಿಷಯವೇ.

ಕ್ಲಿಕ್

ಕ್ಲಿಕ್ ಬಣ್ಣದ ಲೈಬ್ರರಿ ಅಲ್ಲ, ಕಮಾಂಡ್ ಲೈನ್ ಪ್ರೋಗ್ರಾಮ್ ಕಟ್ಟುವ ಲೈಬ್ರರಿ. ಆದರೆ ಮೇಲಿನ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದ್ದು ಇದೇ. ಇಲ್ಲಿ ಸ್ಟೈಲ್ ಅನ್ನುವ ಫಂಕ್ಷನ್ ಯಾವಾಗಲೂ ಕೋಡ್ ಸೇರಿಸಿಯೇ ಕೊಡುತ್ತದೆ. ತೆಗೆಯುವ ಕೆಲಸ ಎಕೋ ಫಂಕ್ಷನ್‌ನದು. ಅದು ತಾನು ಯಾವ ಕಡೆಗೆ ಬರೆಯುತ್ತಿದ್ದೇನೆ ಅಂತ ಆಯಾ ಸಾಲಿಗೆ ನೋಡಿ, ಆ ಕಡೆ ಟರ್ಮಿನಲ್ ಇಲ್ಲದಿದ್ದರೆ ಕೋಡ್ ಸುಲಿದು ಬರೆಯುತ್ತದೆ. ಹಾಗಾಗಿ ಔಟ್‌ಪುಟ್ ಪೈಪ್‌ಗೆ, ಎರರ್ ಟರ್ಮಿನಲ್‌ಗೆ ಅಂದರೂ ಎರಡೂ ಸರಿಯಾಗಿ ಬಂದವು. ಎರಡನ್ನೂ ಒಟ್ಟಿಗೆ ಮಾಡುವ ಎಸ್‌ಎಕೋ ಅನ್ನುವ ಫಂಕ್ಷನ್ ಇರುವುದರಿಂದ ಬರೆಯುವುದೂ ಜಾಸ್ತಿ ಇಲ್ಲ.

ನೆನಪಿಡಬೇಕಾದದ್ದು ಇಷ್ಟೇ: ಸ್ಟೈಲ್ ಮಾಡಿದ ಪಠ್ಯವನ್ನು ಸಾಮಾನ್ಯ ಪ್ರಿಂಟ್‌ಗೆ ಕೊಡಬೇಡಿ. ಪ್ರಿಂಟ್‌ಗೆ ಸುಲಿಯುವುದು ಗೊತ್ತಿಲ್ಲ. ಪ್ರೋಗ್ರಾಮ್ ಈಗಾಗಲೇ ಕ್ಲಿಕ್‌ನಲ್ಲಿದ್ದರೆ ಬಣ್ಣಕ್ಕೆ ಬೇರೆ ಏನೂ ಬೇಡ, ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ರಿಚ್

ಈಗ ರಿಚ್. ನೋಡಲು ಇದರ ಹತ್ತಿರ ಉಳಿದವು ಯಾವುವೂ ಬರುವುದಿಲ್ಲ. ಚೌಕ ಬ್ರಾಕೆಟ್‌ನಲ್ಲಿ ಬೋಲ್ಡ್ ರೆಡ್ ಅಂತ ಬರೆದು ಪಠ್ಯ ಬರೆದರೆ ಸಾಕು. ಒಳಗೊಳಗೆ ಹಾಕಿದ ಬಣ್ಣ ಸರಿಯಾಗಿ ವಾಪಸ್ ಬರುತ್ತದೆ, ಮೇಲೆ ಹೇಳಿದ 22, 39ರ ಲೆಕ್ಕವೆಲ್ಲ ಅದೇ ನೋಡಿಕೊಳ್ಳುತ್ತದೆ. ಕೋಷ್ಟಕ, ಪ್ರೋಗ್ರೆಸ್ ಬಾರ್, ಬಣ್ಣದ ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಬಂತು ಅಂತ ಹೇಳುವ ವರದಿ) ಎಲ್ಲ ಇದೆ. ನಮ್ಮ ಕೊನೆಯ ಕೋಷ್ಟಕ ಕೈಯಲ್ಲಿ ಬರೆಯುವುದಕ್ಕೆ ಎಷ್ಟು ಒದ್ದಾಟವಿತ್ತೋ, ರಿಚ್‌ನಲ್ಲಿ ಅಷ್ಟು ಸುಲಭವಾಯಿತು.

ತೊಂದರೆ ಬಂದದ್ದು ಪುಸ್ತಕದ ಹೆಸರಿನಲ್ಲಿ. ಪಟ್ಟಿಯಲ್ಲಿ ಕೆಲವು ಹೆಸರುಗಳ ಪಕ್ಕ ಚೌಕ ಬ್ರಾಕೆಟ್‌ನಲ್ಲಿ ಸಂಪುಟ ಸಂಖ್ಯೆ ಇದೆ. ‘[ಸಂಪುಟ 2]’ ಅಂತ ಕನ್ನಡದಲ್ಲಿ ಇದ್ದ ಕಡೆ ಹಾಗೇ ಬಂತು. ಅದೇ ಜಾಗದಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ‘ವಾಲ್ಯೂಮ್ 2’ ಅಂತ ಬ್ರಾಕೆಟ್‌ನೊಳಗೆ ಬರೆದಿದ್ದರೆ ಅಷ್ಟೂ ಮಾಯ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಕಾರಣ ಸರಳ. ಬ್ರಾಕೆಟ್‌ನ ಒಳಗಿನದು ಇಂಗ್ಲಿಷಿನ ಸಣ್ಣಕ್ಷರದಿಂದ ಶುರುವಾದರೆ ರಿಚ್ ಅದನ್ನು ಸ್ಟೈಲ್‌ನ ಹೆಸರು ಅಂದುಕೊಳ್ಳುತ್ತದೆ. ಆ ಹೆಸರಿನ ಸ್ಟೈಲ್ ಇಲ್ಲದಿದ್ದರೂ ಬ್ರಾಕೆಟನ್ನು ತೋರಿಸುವುದಿಲ್ಲ. ಕನ್ನಡ ಅಕ್ಷರ ಅಥವಾ ಅಂಕಿಯಿಂದ ಶುರುವಾದರೆ ಮುಟ್ಟುವುದಿಲ್ಲ. ಇನ್ನು ಬ್ರಾಕೆಟ್‌ನೊಳಗೆ ಓರೆಗೆರೆಯಿಂದ ಶುರುವಾಗುವ ಫೈಲ್ ವಿಳಾಸವೇನಾದರೂ ಇದ್ದರೆ, ಅದನ್ನು ಮುಚ್ಚುವ ಟ್ಯಾಗ್ ಅಂದುಕೊಂಡು, ತೆರೆದದ್ದು ಸಿಗದೆ ಪ್ರೋಗ್ರಾಮೇ ಎರರ್ ಕೊಟ್ಟು ನಿಲ್ಲುತ್ತದೆ. ತಪ್ಪು ಹುಡುಕುವ ಪ್ರೋಗ್ರಾಮ್ ತಾನೇ ಡೇಟಾ ನುಂಗಬಾರದು. ಆದ್ದರಿಂದ ರಿಚ್ ಬಳಸುವವರು ಹೊರಗಿನಿಂದ ಬಂದ ಪಠ್ಯವನ್ನೆಲ್ಲ, ಬ್ರಾಕೆಟನ್ನು ಟ್ಯಾಗ್ ಅಂದುಕೊಳ್ಳದ ಹಾಗೆ ಮಾಡುವ ಅದರ ಎಸ್ಕೇಪ್ ಫಂಕ್ಷನ್ ಮೂಲಕವೇ ಹಾಯಿಸಬೇಕು, ಅಥವಾ ಟೆಕ್ಸ್ಟ್ ಆಬ್ಜೆಕ್ಟ್ ಮಾಡಿ ಕೊಡಬೇಕು. ಕೋಷ್ಟಕದ ಖಾನೆಗಳಿಗೂ ಇದೇ ನಿಯಮ.

ಎರಡನೆಯದು ಅಗಲ. ರಿಚ್ ಉದ್ದ ಸಾಲನ್ನು ಟರ್ಮಿನಲ್ ಅಗಲಕ್ಕೆ ಮುರಿದು ಬರೆಯುತ್ತದೆ. ಟರ್ಮಿನಲ್‌ನಲ್ಲಿ ನೋಡುವಾಗ ಇದು ಒಳ್ಳೆಯದೇ. ಆದರೆ ಕ್ರಾನ್‌ನಲ್ಲಿ ಟರ್ಮಿನಲ್ಲೇ ಇರುವುದಿಲ್ಲ, ಆಗ 80 ಅಕ್ಷರಕ್ಕೆ ಮುರಿಯುತ್ತದೆ. ಒಂದು ಪುಸ್ತಕಕ್ಕೆ ಒಂದು ಸಾಲು ಅನ್ನುವ ಲೆಕ್ಕ ಅಲ್ಲಿಗೆ ಕೆಟ್ಟಿತು. ಬೆಳಗ್ಗೆ ಆ ಲಾಗ್ ಫೈಲಿನಲ್ಲಿ ಗ್ರೆಪ್ ಮಾಡಿದರೆ ‘ತಪ್ಪು’ ಒಂದು ಸಾಲಿನಲ್ಲಿ, ಅದರ ಕಾರಣ ಮುಂದಿನ ಸಾಲಿನಲ್ಲಿ. ಪ್ರಿಂಟ್ ಮಾಡುವಾಗ ಸಾಫ್ಟ್ ರ‍್ಯಾಪ್ ಆಯ್ಕೆ ಕೊಟ್ಟರೆ ಮುರಿಯುವುದು ನಿಲ್ಲುತ್ತದೆ. ಜೊತೆಗೆ ಸಂಖ್ಯೆಗಳಿಗೆಲ್ಲ ತಾನಾಗಿ ಬಣ್ಣ ಹಾಕುವ ಹೈಲೈಟ್ ಕೂಡ ಆಫ್ ಮಾಡಿದೆ, ವರ್ಷ ಕೆಂಪಾದರೆ ಅದು ತಪ್ಪು ಅಂತ ಮಾತ್ರ ಅರ್ಥ ಬರಬೇಕಲ್ಲ. ನೋ_ಕಲರ್ ಹಾಕಿದಾಗ ರಿಚ್ ಬಣ್ಣ ತೆಗೆಯುತ್ತದೆ, ದಪ್ಪ ಮತ್ತು ಅಡಿಗೆರೆ ಉಳಿಸಿಕೊಳ್ಳುತ್ತದೆ. ಇದು ಅವರು ಯೋಚಿಸಿಯೇ ಮಾಡಿದ್ದು, ನನಗೂ ಒಪ್ಪಿಗೆ.

ರಿಚ್ ಜೊತೆಗೆ ಕೋಡ್‌ಗೆ ಬಣ್ಣ ಹಾಕುವ ಪಿಗ್ಮೆಂಟ್ಸ್ ಮತ್ತು ಮಾರ್ಕ್‌ಡೌನ್ ಓದುವ ಇನ್ನೊಂದು ಪ್ಯಾಕೇಜ್ ಕೂಡ ಬರುತ್ತವೆ. ದಿನವಿಡೀ ಕಣ್ಣಿಟ್ಟು ನೋಡುವ ಟೂಲ್‌ಗೆ ಅದು ಭಾರ ಅಲ್ಲ. ಒಂದು ಸಾಲು ಬರೆದು ಮುಗಿಯುವ ಸ್ಕ್ರಿಪ್ಟ್‌ಗೆ ಭಾರವೇ.

ಯಾವ ಬಣ್ಣ ಅನ್ನುವುದೂ ಅಷ್ಟೇ ಮುಖ್ಯ

ಲೈಬ್ರರಿ ಯಾವುದೇ ಇರಲಿ, ನಾವು ಕಳಿಸುವುದು ‘ಹಳದಿ’ ಅನ್ನುವ ಸಂಖ್ಯೆ. ಅದು ಯಾವ ಹಳದಿ ಅಂತ ನಿರ್ಧರಿಸುವುದು ನೋಡುವವರ ಥೀಮ್. ಬಿಳಿ ಹಿನ್ನೆಲೆಯಲ್ಲಿ ಬರೀ 33 ಕೊಟ್ಟರೆ ಓದಲು ಕಣ್ಣು ನೋವು ಬರುತ್ತದೆ. ಬೂದು ಬಣ್ಣ ಅಂದುಕೊಂಡು 90 ಕೊಡುವವರು ಬಹಳ ಮಂದಿ. ಆದರೆ ಸೋಲರೈಸ್ಡ್ ಅನ್ನುವ ಜನಪ್ರಿಯ ಥೀಮ್‌ನ ಕಪ್ಪು ರೂಪದಲ್ಲಿ ಆ ಬಣ್ಣವೂ ಹಿನ್ನೆಲೆಯೂ ಒಂದೇ, ಪಠ್ಯ ಪೂರ್ತಿ ಕಾಣದೆ ಹೋಗುತ್ತದೆ. ಅದರ ಬದಲು ಮಂಕು, ಅಂದರೆ 2, ಬಳಸಿದರೆ ವಾಸಿ. ಅದು ಕೆಲಸ ಮಾಡದ ಟರ್ಮಿನಲ್‌ನಲ್ಲೂ ಪಠ್ಯವಂತೂ ಕಾಣುತ್ತದೆ.

256 ಬಣ್ಣದ ವ್ಯವಸ್ಥೆ ಇದೆ: 16 ಮೂಲ ಬಣ್ಣ, 216 ಮಿಶ್ರಣ, 24 ಬೂದು. ಅದಕ್ಕೂ ಮೇಲೆ ಕೆಂಪು, ಹಸಿರು, ನೀಲಿ ಪ್ರಮಾಣ ಕೊಟ್ಟು ಯಾವ ಬಣ್ಣ ಬೇಕಾದರೂ ಮಾಡುವ ವ್ಯವಸ್ಥೆಯೂ ಇದೆ. ಮ್ಯಾಕ್ ಜೊತೆ ಬರುವ ಟರ್ಮಿನಲ್ ಆ್ಯಪ್‌ನಲ್ಲಿ ಈ ಎರಡನೆಯದು ಬಹಳ ವರ್ಷ ಇರಲಿಲ್ಲ. ಸರಿ ತಪ್ಪು ಹೇಳುವುದಕ್ಕೆ ಮೂಲ ಬಣ್ಣಗಳೇ ಸಾಕು, ಜನ ತಮ್ಮ ಕಣ್ಣಿಗೆ ಹೊಂದಿಸಿಟ್ಟುಕೊಂಡಿರುವುದೂ ಅವನ್ನೇ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆಯೇ ಇದ್ದಾರೆ. ಅವರಿಗಾಗಿ ‘ಸರಿ’, ‘ತಪ್ಪು’ ಅನ್ನುವ ಪದವನ್ನು ಬಿಡಲೇಬಾರದು. ಬಣ್ಣ ತೆಗೆದರೂ ಅರ್ಥ ಉಳಿಯಬೇಕು.

ಗಿಟ್‌ಹಬ್ ಆಕ್ಷನ್ಸ್‌ನಂಥ, ಕೋಡನ್ನು ದೂರದ ಸರ್ವರ್‌ನಲ್ಲಿ ತಾನಾಗಿ ಓಡಿಸುವ ಕಡೆ ಪರಿಸ್ಥಿತಿ ಬೇರೆ. ಅಲ್ಲಿ ಟರ್ಮಿನಲ್ ಇಲ್ಲ, ಆದರೆ ಲಾಗ್ ಪುಟ ಬಣ್ಣ ತೋರಿಸುತ್ತದೆ. ಟರ್ಮ್‌ಕಲರ್‌ಗೂ ರಿಚ್‌ಗೂ ಫೋರ್ಸ್_ಕಲರ್ ಇಟ್ಟರೆ ಕೆಲಸ ಆಗುತ್ತದೆ. ಕೈಯಾರೆ ಬರೆದದ್ದಾದರೆ ನಮ್ಮ ಫಂಕ್ಷನ್‌ಗೆ ಆ ಪ್ರಶ್ನೆಯನ್ನೂ ಒಂದು ಸಾಲಿನಲ್ಲಿ ಸೇರಿಸಿಕೊಳ್ಳಬೇಕು. ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಟಿಪುಟ್ ಕಮಾಂಡ್ ಇದೆ, ಟರ್ಮಿನಲ್ ಯಾವುದು ಅಂತ ನೋಡಿ ಸರಿಯಾದ ಕೋಡ್ ಕೊಡುತ್ತದೆ. ಪ್ರತಿ ಸಲವೂ ಅದನ್ನು ಕರೆಯಬೇಡಿ, ಶುರುವಿನಲ್ಲೇ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಟರ್ಮಿನಲ್ ಯಾವುದು ಅಂತ ಹೇಳುವ ಟರ್ಮ್ ವೇರಿಯಬಲ್ ಇಲ್ಲದ ಕಡೆ ಅದು ಎರರ್ ಕೊಡುತ್ತದೆ, ಅದಕ್ಕೂ ಒಂದು ಪರೀಕ್ಷೆ ಬೇಕು.

ಕನ್ನಡ ಪಠ್ಯ ಇದ್ದಾಗ

ಕಾಲಂ ಸರಿಹೊಂದಿಸುವುದು ಬಣ್ಣ ಇದ್ದರೆ ಮೊದಲೇ ಕಷ್ಟ. ಕೆಂಪು ಹಾಕಲು 5 ಅಕ್ಷರ, ತೆಗೆಯಲು 4. ಕಣ್ಣಿಗೆ ಕಾಣದ ಈ 9 ಅಕ್ಷರಗಳನ್ನೂ ಪೈಥಾನ್ ಉದ್ದಕ್ಕೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಜಾಗ ತುಂಬಿಸಿ, ಆಮೇಲೆ ಬಣ್ಣ ಹಾಕಬೇಕು. ಇಂಗ್ಲಿಷ್‌ಗೆ ಇಷ್ಟು ಸಾಕು.

ಕನ್ನಡಕ್ಕೆ ಸಾಲದು. ‘ತಪ್ಪು’ ಕಣ್ಣಿಗೆ ಎರಡು ಅಕ್ಷರ, ಪೈಥಾನ್ ಲೆಕ್ಕದಲ್ಲಿ 5: ತ, ಪ, ಒತ್ತಕ್ಷರ ಮಾಡುವ ವಿರಾಮ (್ ಚಿಹ್ನೆ), ಮತ್ತೆ ಪ, ಕೊಂಬು. ‘ಎಚ್ಚರ’ ಕಣ್ಣಿಗೆ ಮೂರು, ಲೆಕ್ಕದಲ್ಲಿ ಅದೂ 5. ‘ಸರಿ’ ಲೆಕ್ಕದಲ್ಲಿ 3. ಟರ್ಮಿನಲ್ ಅದಕ್ಕೆ ಎಷ್ಟು ಖಾನೆ ಕೊಡುತ್ತದೆ ಅನ್ನುವುದು ಮತ್ತೊಂದು ಲೆಕ್ಕ, ಅದೂ ಒಂದೊಂದು ಟರ್ಮಿನಲ್‌ನಲ್ಲಿ ಒಂದೊಂದು ಥರ. ರಿಚ್ ತನ್ನದೇ ಅಗಲದ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕುತ್ತದೆ, ಬರೀ ಉದ್ದ ಎಣಿಸುವುದಕ್ಕಿಂತ ಅದು ಎಷ್ಟೋ ವಾಸಿ. ಆದರೂ ಟರ್ಮಿನಲ್ ಬೇರೆ ಲೆಕ್ಕ ಹಾಕಿದರೆ ಕೋಷ್ಟಕದ ಬಲಗಡೆ ಗೆರೆ ಒಂದು ಸಾಲಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಪದದ ಒಂದು ಭಾಗಕ್ಕೆ ಮಾತ್ರ ಬಣ್ಣ ಹಾಕಲು ಹೋದರೆ ಇನ್ನೂ ಕೆಡುತ್ತದೆ. ಹುಡುಕಿದ ಪದವನ್ನು ಎತ್ತಿ ತೋರಿಸುವಾಗ ಇದು ಆಗುವುದುಂಟು: ಆ ವಿರಾಮಕ್ಕೂ ಅದರ ಮುಂದಿನ ‘ಪ’ ಅಕ್ಷರಕ್ಕೂ ನಡುವೆ ಕೋಡ್ ನುಗ್ಗಿದರೆ ಒತ್ತಕ್ಷರ ಬಿಡಿಸಿಕೊಂಡು ‘ತಪ್‌’ ಒಂದು ಕಡೆ, ‘ಪು’ ಒಂದು ಕಡೆ ಆಗಬಹುದು. ಬಣ್ಣದ ಗಡಿ ಪದದ ಗಡಿಯಲ್ಲೇ ಇರಲಿ.

ಕೊನೆಗೆ ನಾನು ಉಳಿಸಿಕೊಂಡದ್ದು ಎರಡು ರೂಪ. ಕ್ರಾನ್‌ನಲ್ಲಿ ಓಡುವುದಕ್ಕೆ ಕೈಯಾರೆ ಬರೆದ ಫಂಕ್ಷನ್, ಕೂತು ನೋಡುವುದಕ್ಕೆ ರಿಚ್. ಎರಡರಲ್ಲೂ ಸಾಲಿನ ಮೊದಲಿಗೆ ಸಾಲು ಸಂಖ್ಯೆ ಮತ್ತು ವರ್ಷ, ವರ್ಷ ಸರಿಯಿದ್ದರೆ ಅಲ್ಲಿರುವುದು ಬರೀ ಅಂಕಿ, ಅವು ಯಾವ ಟರ್ಮಿನಲ್‌ನಲ್ಲೂ ಅಲುಗಾಡುವುದಿಲ್ಲ. ಅವುಗಳ ನಂತರ ‘ಸರಿ’, ‘ಎಚ್ಚರ’ ಅಥವಾ ‘ತಪ್ಪು’, ಕೊನೆಗೆ ಪುಸ್ತಕದ ಹೆಸರು. ಕನ್ನಡ ಎಲ್ಲ ಸಾಲಿನ ಕೊನೆಗೆ ಹೋದ್ದರಿಂದ ಅದರ ಬಲಕ್ಕೆ ಹೊಂದಿಸಬೇಕಾದ್ದು ಏನೂ ಉಳಿಯಲಿಲ್ಲ. ರಿಚ್ ಕೋಷ್ಟಕದ ಬಾಕ್ಸ್ ಆಯ್ಕೆಗೆ ‘ನನ್’ (None, ಅಂದರೆ ಏನೂ ಬೇಡ) ಕೊಟ್ಟು ಗೆರೆಗಳನ್ನೂ ತೆಗೆದುಬಿಟ್ಟೆ.